ಹೈಂಡ್‌ಮೋಸ್ಟ್‌ಗೆ ‘ಕಟ್ಟಕಡೆಯ’ ಅನ್ನಬಹುದಾ?

‘ಡೆವಿಲ್ ಟೇಕ್ ದ ಹೈಂಡ್‌ಮೋಸ್ಟ್’ ಅನ್ನೋ ಮಾತನ್ನು ಕನ್ನಡಕ್ಕೆ ತರಬೇಕಾಗಿದೆ. ಎಲ್ಲರೂ ಜೀವ ಉಳಿಸಿಕೊಳ್ಳಲು ಓಡುತ್ತಿರುವಾಗ ಹಿಂದೆ ಬಿದ್ದವನನ್ನು ದೆವ್ವ ಹೊತ್ತೊಯ್ದರೂ ನಮಗೇನು ಅನ್ನುವ ಕಟು ಮಾತು ಅದು. ಹೈಂಡ್ ಅಂದರೆ ಹಿಂದಿನ. ದನದ ಹಿಂಗಾಲಿಗೆ ಹೈಂಡ್ ಲೆಗ್ ಅಂತಾರಲ್ವಾ, ಅದೇ. ಹೈಂಡ್‌ಮೋಸ್ಟ್ ಅಂದರೆ ಎಲ್ಲರಿಗಿಂತ ಹಿಂದಿರುವ.

ಹೈಂಡ್, ಹಿಂದೆ ಎರಡೂ ಒಂದೇ ಬೇರಿನವು ಅಂತ ಅನ್ನಿಸುವುದು ಸಹಜ. ಆದರೆ ಅಲ್ಲ. ನಮ್ಮ ‘ಹಿಂದೆ’ ಹಳಗನ್ನಡದಲ್ಲಿ ‘ಪಿಂದೆ’ ಆಗಿತ್ತು, ತಮಿಳಿನಲ್ಲಿ ಇವತ್ತಿಗೂ ‘ಪಿನ್’ ಇದೆ. ಹಕಾರ ನಮಗೆ ಆಮೇಲೆ ಬಂದದ್ದು. ಇಂಗ್ಲಿಷ್ ಪದಕ್ಕೂ ಅದಕ್ಕೂ ನಂಟಿಲ್ಲ.

ನನಗೆ ನಿಜವಾಗಿ ಖುಷಿ ಕೊಟ್ಟದ್ದು ಕೊನೆಯ ‘ಮೋಸ್ಟ್’. ಇದು ‘ಹೆಚ್ಚು’ ಅನ್ನುವ ಅರ್ಥದ ಮೋಸ್ಟ್ ಅಲ್ಲವೇ ಅಲ್ಲ. ಹಳೆಯ ಇಂಗ್ಲಿಷ್‌ನಲ್ಲಿ ‘ಮ’ ಅನ್ನೋ ಒಂದು ಪ್ರತ್ಯಯವಿತ್ತು, ಅದು ಹತ್ತಿದರೆ ‘ಎಲ್ಲಕ್ಕಿಂತ’ ಅನ್ನುವ ಅರ್ಥ ಬರುತ್ತಿತ್ತು. ‘ಫಾರ್ಮ’ ಅಂದರೆ ಮೊದಲನೆಯ, ‘ಹಿಂಡೆಮ’ ಅಂದರೆ ಕೊನೆಯ. ಕಾಲ ಕಳೆದಂತೆ ಈ ‘ಮ’ ಏನು ಹೇಳುತ್ತದೆ ಅನ್ನುವುದೇ ಜನಕ್ಕೆ ಮರೆತುಹೋಯಿತು, ಹಾಗಾಗಿ ಅದರ ಮೇಲೆ ಅದೇ ಕೆಲಸದ ‘ಎಸ್ಟ್’ ಅನ್ನೂ ಹಚ್ಚಿ ‘ಫಾರ್ಮೆಸ್ಟ್’ ಅಂದರು. ಮುಂದೆ ಆ ‘ಮೆಸ್ಟ್’ ಅನ್ನೇ ‘ಮೋಸ್ಟ್’ ಅಂತ ತಿಳಿದು ಫೋರ್‌ಮೋಸ್ಟ್ ಮಾಡಿದರು. 14ನೇ ಶತಮಾನದ ಹೊತ್ತಿಗೆ ಹೈಂಡ್‌ಮೋಸ್ಟ್ ಇದೇ ಅಚ್ಚಿನಲ್ಲಿ ಬಂತು.

ಈ ಎರಡು ಪ್ರತ್ಯಯಗಳೂ ನಮಗೆ ಹೊಸವಲ್ಲ. ‘ಮ’ದ ಸಂಸ್ಕೃತದ ಅಣ್ಣತಮ್ಮಂದಿರು ಅಧಮ, ಪರಮ, ಮಧ್ಯಮ ಪದಗಳಲ್ಲಿ ಇದ್ದಾರೆ. ‘ಎಸ್ಟ್’ನ ಬಳಗ ಜ್ಯೇಷ್ಠ, ಕನಿಷ್ಠ, ಗರಿಷ್ಠಗಳಲ್ಲಿದೆ. ದಿನಾ ಆಡುವ ಮಾತುಗಳೇ ಇವು.

ಇನ್ನು ಅನುವಾದ. ‘ಅತ್ಯಂತ ಹಿಂದಿನ’ ಅಂತ ಬರೆದರೆ ಅರ್ಥ ಸರಿ, ಆದರೆ ಬಾಯಿಗೆ ಹತ್ತುವುದಿಲ್ಲ. ನನಗೆ ‘ಕಟ್ಟಕಡೆಯ’ ಜಾಸ್ತಿ ಹಿಡಿಸುತ್ತದೆ. ಶಾಲೆಯಲ್ಲಿ ದ್ವಿರುಕ್ತಿ ಪಾಠದಲ್ಲಿ ಓದಿದ್ದೆವಲ್ಲ, ಕಡೆ ಕಡೆ ಸೇರಿ ಕಟ್ಟಕಡೆ, ನಡು ನಡು ಸೇರಿ ನಟ್ಟನಡು, ತುದಿ ತುದಿ ಸೇರಿ ತುತ್ತತುದಿ, ಮೊದಲು ಮೊದಲು ಸೇರಿ ಮೊಟ್ಟಮೊದಲು. ಇಂಗ್ಲಿಷ್‌ನ ಈ ಗುಂಪನ್ನೂ ನೋಡಿ: ಹೈಂಡ್‌ಮೋಸ್ಟ್, ಮಿಡ್‌ಮೋಸ್ಟ್, ಟಾಪ್‌ಮೋಸ್ಟ್, ಫೋರ್‌ಮೋಸ್ಟ್. ಒಂದಕ್ಕೊಂದು ಜೋಡಿ! ಎರಡೂ ಕಡೆ ಇವು ಹೆಚ್ಚಾಗಿ ಜಾಗ ಹೇಳುವ ಪದಗಳೇ. ಅವರು ಪ್ರತ್ಯಯವನ್ನು ಎರಡು ಸಲ ಹಚ್ಚಿದರು, ನಾವು ಪದವನ್ನೇ ಎರಡು ಸಲ ಹೇಳಿದೆವು.

ಸದ್ಯಕ್ಕೆ ಹೀಗೆ ಬರೆದಿದ್ದೇನೆ: ‘ಓಡಿದವನು ಉಳಿದ, ಕಟ್ಟಕಡೆಯವನು ದೆವ್ವದ ಪಾಲು.’ ಹಿಂಡಿನಲ್ಲೋ ಸಾಲಿನಲ್ಲೋ ಎಲ್ಲರಿಗಿಂತ ಹಿಂದೆ ಬೀಳುವವನಿಗೆ ನಿಮ್ಮೂರಿನಲ್ಲಿ ಬೇರೆ ಪದವಿದ್ದರೆ ದಯವಿಟ್ಟು ಹೇಳಿ, ಅದನ್ನೇ ಹಾಕುತ್ತೇನೆ.