ಪಟಿಕ ಹಾಕಿದರೂ ಹೊಂಡದ ಪಾಚಿ ತಳ ಹಿಡಿಯುತ್ತಿಲ್ಲ, ಡ್ರಿಪ್ ಕಟ್ಟುತ್ತಿದೆ

ತಿಕೋಟಾ_ದ್ರಾಕ್ಷಿ:
ತಲೆ ಕೆಟ್ಟು ಹೋಗಿದೆ. ಹೊಂಡದ ನೀರು ಪೂರಾ ಹಸಿರು. ಫಿಲ್ಟರ್ ತೊಳೆದು ಪಂಪ್ ಚಾಲೂ ಮಾಡಿದರೆ ಸ್ವಲ್ಪ ಹೊತ್ತಿಗೇ ಮತ್ತೆ ಕಟ್ಟುತ್ತದೆ. ಸಾಲಿನ ಕೊನೆಯ ಬಳ್ಳಿಗಳಿಗೆ ಹನಿ ಬೀಳುವುದೇ ಇಲ್ಲ. ಪಟಿಕ ಹಾಕಿದೆ, ಏನೂ ಆಗಲಿಲ್ಲ. ಅದೇ ಪಟಿಕ ಕೊಡದ ರಾಡಿ ನೀರನ್ನು ತಿಳಿ ಮಾಡುತ್ತದೆ, ಹೊಂಡದಲ್ಲಿ ಯಾಕೆ ಇಲ್ಲ? ದ್ರಾಕ್ಷಿ ಚಾಟ್ನಿ (ಬಳ್ಳಿ ಸವರುವುದು) ಹತ್ತಿರ ಬಂದಿದೆ, ಬೇಗ ಹೇಳಿ.

ಹನಿ_ಬೀಳಗಿ:
ಬರೀ ಸ್ಕ್ರೀನ್ ಫಿಲ್ಟರ್ ಇದೆಯಾ? ಪಾಚಿಗೆ ಸ್ಯಾಂಡ್ ಫಿಲ್ಟರ್ ಬೇಕೇ ಬೇಕು.

ತಿಕೋಟಾ_ದ್ರಾಕ್ಷಿ:
ಸ್ಯಾಂಡ್ ಇದೆ, ಅದರ ಹಿಂದೆ ಡಿಸ್ಕ್ ಇದೆ. ನಾನು ಕೇಳಿದ್ದು ಪಟಿಕದ ಬಗ್ಗೆ.

ಹನಿ_ಬೀಳಗಿ:
ಹಾಗಾದರೆ ಮರಳು ಹಳೆಯದಾಗಿದೆ. ಮೂಲೆ ಸವೆದು ನುಣ್ಣಗಾದ ಮರಳು ಪಾಚಿ ಹಿಡಿಯುವುದಿಲ್ಲ. ಬದಲಿಸಿ. ಬ್ಯಾಕ್‌ವಾಶ್ (ನೀರು ಹಿಂದಕ್ಕೆ ಹರಿಸಿ ಫಿಲ್ಟರ್ ತೊಳೆಯುವುದು) ಎಷ್ಟು ಹೊತ್ತು ಕೊಡುತ್ತೀರಿ?

ಎರೆಹೊಲ_ಜಮಖಂಡಿ:
ಅಣ್ಣಾ, ಮರಳು ಬಿಡಿ, ಅವರ ಪ್ರಶ್ನೆ ಬೇರೆ. ನೀರು ಎಲ್ಲಿಂದ ಬಂತು, ಹೊಂಡದಲ್ಲಿ ಎಷ್ಟಿದೆ, ಪಟಿಕ ಎಷ್ಟು, ಯಾವ ಹೊತ್ತಿನಲ್ಲಿ ಹಾಕಿದಿರಿ? ಇದು ಗೊತ್ತಾಗದೆ ಏನು ಹೇಳುವುದು?

ತಿಕೋಟಾ_ದ್ರಾಕ್ಷಿ:
ತುಬಚಿ-ಬಬಲೇಶ್ವರ ಏತ ನೀರಾವರಿ ಕಾಲುವೆ ನೀರು. ಬಂದಾಗ ಕೆಂಪು ರಾಡಿ ಇತ್ತು. ಅದು ತಾನೇ ತಿಳಿಯಾಯಿತು, ಆಮೇಲೆ ಹಸಿರಾಯಿತು. ಸುಮಾರು 15 ಲಕ್ಷ ಲೀಟರ್ ಇದೆ. 2 ಕೆಜಿ ಪಟಿಕ ಚೀಲದಲ್ಲಿ ಕಟ್ಟಿ ಮಧ್ಯಾಹ್ನ ಇಳಿಬಿಟ್ಟೆ.

ಎರೆಹೊಲ_ಜಮಖಂಡಿ:
ಈಗ ತಿಳಿಯಿತು. ರಾಡಿ ಇರುವಾಗ ಬಿಸಿಲು ಒಳಗೆ ಹೋಗುತ್ತಿರಲಿಲ್ಲ, ಪಾಚಿ ಬೆಳೆಯಲಿಲ್ಲ. ಮಣ್ಣು ಕೂತಿತು, ಬೆಳಕು ಸಿಕ್ಕಿತು, ಪಾಚಿ ಎದ್ದಿತು.

ಜೇಡಿಮಣ್ಣಿನ ಕಣಕ್ಕೂ ಪಾಚಿಯ ಕಣಕ್ಕೂ ನೀರಿನಲ್ಲಿ ಋಣ ಚಾರ್ಜ್ ಇರುತ್ತದೆ. ಒಂದನ್ನೊಂದು ದೂಡುತ್ತವೆ, ಅಂಟುವುದಿಲ್ಲ. ಪಟಿಕದ ಅಲ್ಯೂಮಿನಿಯಂ ಧನ ಚಾರ್ಜಿನದು. ಅದು ಆ ದೂಡುವಿಕೆಯನ್ನು ಕಡಿಮೆ ಮಾಡುತ್ತದೆ, ಅಂಟಂಟಾದ ಗಂಟು ಕಟ್ಟಿಸುತ್ತದೆ. ಆದರೆ 15 ಲಕ್ಷ ಲೀಟರಿಗೆ 2 ಕೆಜಿ ಎಂದರೆ ಲೀಟರಿಗೆ ಒಂದೂವರೆ ಮಿಲಿಗ್ರಾಂ ಕೂಡ ಇಲ್ಲ. ಬೇಕಾಗುವುದು ಸಾಮಾನ್ಯವಾಗಿ 20ರಿಂದ 50.

ಇನ್ನೊಂದು ಮಾತು. ಹಗಲು ಪಾಚಿ ನೀರಿನ ಕಾರ್ಬನ್ ಡೈಆಕ್ಸೈಡ್ ತಿಂದು ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) ಏರಿಸುತ್ತದೆ. ಮಧ್ಯಾಹ್ನ ಪಿಎಚ್ 9 ದಾಟುವುದು ಹೊಸದೇನಲ್ಲ. ಪಟಿಕ ಚೆನ್ನಾಗಿ ಕೆಲಸ ಮಾಡುವುದು ಪಿಎಚ್ 6ರಿಂದ 7.5ರ ಒಳಗೆ. ಬೆಳಗಿನ ಜಾವವೇ ಹಾಕಬೇಕು.

ನುಗ್ಗೆ_ಮುಧೋಳ:
ಪಟಿಕ ಯಾಕೆ ಬೇಕು? ನುಗ್ಗೆ ಬೀಜ ಅರೆದು ಹಾಕಿ. ಅದರ ಪ್ರೋಟೀನಿಗೂ ಧನ ಚಾರ್ಜ್ ಇದೆ. ತೋಟಕ್ಕೆ ಅಲ್ಯೂಮಿನಿಯಂ ಬಿಡುವುದು ಸರಿ ಅಲ್ಲ.

ಎರೆಹೊಲ_ಜಮಖಂಡಿ:
ಕೊಡಕ್ಕೆ ನುಗ್ಗೆ ಒಳ್ಳೆಯದು, ನಾನೂ ಒಪ್ಪುತ್ತೇನೆ. 15 ಲಕ್ಷ ಲೀಟರಿಗೆ ಬೀಜ ಎಲ್ಲಿಂದ ತರುತ್ತೀರಿ? ಬೀಜದ ಉಳಿದ ಸತ್ವ ನೀರಿನಲ್ಲೇ ಕೊಳೆಯುತ್ತದೆ ಕೂಡ. ಪಿಎಚ್ ಸರಿ ಇದ್ದರೆ ಅಲ್ಯೂಮಿನಿಯಂ ಬಹುಪಾಲು ಗಂಟಿನ ಜೊತೆ ತಳಕ್ಕೇ ಹೋಗುತ್ತದೆ.

ನುಗ್ಗೆ_ಮುಧೋಳ:
ಬಹುಪಾಲು ಎಂದರೆ ಪೂರ್ತಿ ಅಲ್ಲ ಅಲ್ವಾ?

ಹನಿ_ಬೀಳಗಿ:
ನನ್ನ ದಾಳಿಂಬೆ ತೋಟದಲ್ಲಿ ಎರಡು ಸ್ಯಾಂಡ್ ಫಿಲ್ಟರ್ ಜೋಡಿಸಿದ್ದೇನೆ. ಒಂದು ಬ್ಯಾಕ್‌ವಾಶ್ ಆಗುವಾಗ ಇನ್ನೊಂದು ನೀರು ಕೊಡುತ್ತದೆ. ವಾಲ್ವ್ ತಾನಾಗಿ ತಿರುಗುತ್ತದೆ. ಬೇಕಾದರೆ ಫೋಟೋ ಹಾಕುತ್ತೇನೆ.

ಎರೆಹೊಲ_ಜಮಖಂಡಿ:
@ತಿಕೋಟಾ ಮೊದಲು ಬಾಟಲಿಯಲ್ಲಿ ನೋಡಿ. 10 ಗ್ರಾಂ ಪಟಿಕ ಒಂದು ಲೀಟರ್ ನೀರಲ್ಲಿ ಕರಗಿಸಿ. ಹೊಂಡದ ನೀರಿನ ಒಂದೊಂದು ಲೀಟರಿಗೆ ಸಿರಿಂಜಿನಲ್ಲಿ 2, 4, 6 ಎಂಎಲ್ ಹಾಕಿ. ಒಂದು ನಿಮಿಷ ಜೋರಾಗಿ, ಆಮೇಲೆ ಕಾಲು ಗಂಟೆ ನಿಧಾನವಾಗಿ ತಿರುಗಿಸಿ, ಅರ್ಧ ಗಂಟೆ ಬಿಡಿ. ಇನ್ನೊಂದು ಸಾಲು ಬಾಟಲಿಗಳಿಗೆ ಪಟಿಕದ ಮೊದಲು ಚಿಟಿಕೆ ಎರೆ ಮಣ್ಣು ಕಲಸಿ ಹಾಕಿ. ಬರೀ ಪಾಚಿಯ ಗಂಟು ಹಗುರ. ಅದಕ್ಕೆ ಭಾರ ಕೊಡುವುದು ಮಣ್ಣು. ದಕ್ಷಿಣ ಕೊರಿಯಾದಲ್ಲಿ ಮೀನು ಸಾಕುವ ಕಡೆ ಸಮುದ್ರದ ಪಾಚಿ ಮೇಲೆ 1996ರಿಂದ ಹಳದಿ ಮಣ್ಣು ಎರಚುತ್ತಿದ್ದಾರೆ. ಅಲ್ಲಿ ಉಪ್ಪಿನಿಂದ ಗಂಟು ಕಟ್ಟಲು ಸಹಾಯ ಆಗುತ್ತದೆ. ನಮ್ಮ ಸಿಹಿನೀರಿಗೆ ಪಟಿಕ ಬೇಕು.

ತಿಕೋಟಾ_ದ್ರಾಕ್ಷಿ:
ಮಾಡಿದೆ. ಬರೀ ಪಟಿಕದ ಬಾಟಲಿಗಳಲ್ಲಿ ಗಂಟು ಕಟ್ಟಿತು, ಆದರೆ ಬಿಸಿಲು ಬಿದ್ದಾಗ ಗುಳ್ಳೆ ಹಿಡಿದು ಮೇಲೆ ತೇಲಿತು! ಮಣ್ಣು ಮತ್ತು 4 ಎಂಎಲ್ ಹಾಕಿದ್ದು ತಳ ಹಿಡಿದು ನೀರು ತಿಳಿಯಾಯಿತು. 6ಕ್ಕೂ ಅದೇ.

ಎರೆಹೊಲ_ಜಮಖಂಡಿ:
ಆ ಗುಳ್ಳೆ ಪಾಚಿ ಬಿಟ್ಟ ಆಮ್ಲಜನಕ. ಹಾಗಾದರೆ 4 ಎಂಎಲ್ ಸಾಕು, ಅಂದರೆ ಲೀಟರಿಗೆ 40 ಮಿಲಿಗ್ರಾಂ ಪಟಿಕ, ಒಟ್ಟು 60 ಕೆಜಿ. ಬಾಟಲಿಯಲ್ಲಿ ಮಾಡಿದಂತೆ ಮೊದಲು ಮಣ್ಣು, ಆಮೇಲೆ ಪಟಿಕ. ಚೀಲ ಬೇಡ. ಡ್ರಮ್ಮಿನಲ್ಲಿ ಕರಗಿಸಿ ಎಲ್ಲ ಕಡೆ ಸುರಿಯಿರಿ. ಪಂಪಿನಿಂದ ಹೊಂಡದ ನೀರನ್ನು ಹೊಂಡಕ್ಕೇ ತಿರುಗಿಸಿ, ಆಮೇಲೆ ನಿಲ್ಲಿಸಿ. ಕೂರುವಾಗ ಕಲಕಬೇಡಿ. ಫುಟ್‌ವಾಲ್ವ್ (ಪಂಪ್ ನೀರು ಎಳೆಯುವ ಪೈಪಿನ ಬಾಯಿ) ತಳದಲ್ಲಿದ್ದರೆ ಖಾಲಿ ಡ್ರಮ್ಮು ಕಟ್ಟಿ ತೇಲಿಸಿ, ಇಲ್ಲದಿದ್ದರೆ ಕೂತದ್ದೇ ಮತ್ತೆ ಫಿಲ್ಟರಿಗೆ ಬರುತ್ತದೆ.

ತಿಕೋಟಾ_ದ್ರಾಕ್ಷಿ:
ಸರಿ. ಹೊಂಡದಲ್ಲಿ ಕಾಟ್ಲಾ, ರೋಹು ಇವೆ. ತೊಂದರೆ ಇಲ್ಲ ತಾನೇ?

ಎರೆಹೊಲ_ಜಮಖಂಡಿ:
ಮೀನಿದೆ ಎಂದು ಮೊದಲೇ ಹೇಳಬೇಕಿತ್ತು ಸರ್! ಒಂದೇ ಸಲ ಹಾಕಬೇಡಿ. ಪಟಿಕ ನೀರಿನ ಕ್ಷಾರ ಗುಣ ತಿನ್ನುತ್ತದೆ, ಪಿಎಚ್ ಇಳಿಯಬಹುದು. ತಳಕ್ಕೆ ಬಿದ್ದ ಪಾಚಿ ಕೊಳೆಯುವಾಗ ಆಮ್ಲಜನಕವೂ ಕಡಿಮೆಯಾಗುತ್ತದೆ. ಕ್ಷಾರತೆ ಟೆಸ್ಟ್ ಮಾಡಿಸಿ ಇಲ್ಲಿ ಹಾಕಿ, ಆಮೇಲೆ ಮುಂದಿನದು.

ಹನಿ_ಬೀಳಗಿ:
ಮೀನು ಎಷ್ಟು ದೊಡ್ಡವಾಗಿವೆ? ನಾನೂ ಬಿಡಬೇಕು ಅಂತಿದ್ದೇನೆ. ಮರಿ ಎಲ್ಲಿಂದ ತಂದಿರಿ?