ಒಂಬತ್ತು ಮೆಟ್ಟಿಲು ಇಳಿದ ಬೊಂಬೆ

ಮಕ್ಕಳ ಮಾಸಪತ್ರಿಕೆಗೆ ಭಯಂಕರವಾದ ಆಟಿಕೆಯ ಕಥೆಯೊಂದನ್ನು ಬರೆಯುತ್ತೇನೆಂದು ಮೇಷ್ಟರು ಘೋಷಿಸಿದಾಗ ನಮ್ಮಲ್ಲಿ ಯಾರೂ ಹೆದರಲಿಲ್ಲ. ಜೀವಮಾನವಿಡೀ ವ್ಯಾಕರಣ ಕಲಿಸಿದವರು ಅವರು. ಅವರ ಕಥೆಯ ದೆವ್ವ ಬಂದರೂ ಸಂಧಿ ಬಿಡಿಸಿಕೊಂಡೇ ಬರುತ್ತದೆ ಎಂಬ ಧೈರ್ಯ ನಮಗಿತ್ತು.

"ಹೆಸರು ‘ರಕ್ತಪಿಪಾಸು ಗೊಂಬೆ’" ಎಂದರು.

"ರಕ್ತ ಬೇಡ" ಎಂದು ಸಾವಿತ್ರಮ್ಮ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು. ಲಕ್ಷ್ಮೀಪುರದ ಅವರ ಮನೆಯ ಜಗಲಿಯಲ್ಲೇ ನಮ್ಮ ಸಭೆ ಸೇರುವುದು, ಕಾಫಿಯೂ ಅವರದೇ, ಹಾಗಾಗಿ ಅಧ್ಯಕ್ಷತೆಯೂ ಅವರದೇ. "ಮಗು ನಡುರಾತ್ರಿ ಕಿರುಚಿಕೊಂಡು ಎದ್ದರೆ ಬೆನ್ನು ತಟ್ಟಿ ಮಲಗಿಸುವವಳು ನಾನು, ನೀವಲ್ಲ."

ವಕೀಲರಿಗೆ ಇದು ಒಪ್ಪಿಗೆಯಾಗಲಿಲ್ಲ. ಮಕ್ಕಳ ಸಾಹಿತ್ಯದ ಗೊಂಬೆಗಳೇನೂ ಸಾಧುಗಳಲ್ಲ ಎಂದು ವಾದ ಹೂಡಿದರು. ಇಟಲಿಯ ಕೊಲ್ಲೋಡಿ 1881ರಲ್ಲಿ ಮಕ್ಕಳ ಪತ್ರಿಕೆಯಲ್ಲಿ ಧಾರಾವಾಹಿ ಶುರುಮಾಡಿದನಲ್ಲ, ಆ ಮರದ ಗೊಂಬೆ ಪಿನೋಕಿಯೊ ಬುದ್ಧಿ ಹೇಳಲು ಬಂದ ಮಾತನಾಡುವ ಜೀರುಂಡೆಗೆ ಸುತ್ತಿಗೆ ಬೀಸಿ ಕೊಂದೇ ಹಾಕುತ್ತದೆ. ಹದಿನೈದನೆಯ ಅಧ್ಯಾಯದಲ್ಲಿ ಗೊಂಬೆಯನ್ನೇ ಮರಕ್ಕೆ ನೇಣು ಹಾಕಿಸಿ ಕೊಲ್ಲೋಡಿ ಕಥೆ ಮುಗಿಸಿಬಿಟ್ಟಿದ್ದ. ಓದುವ ಮಕ್ಕಳು ಬಿಡಲಿಲ್ಲ, ಕಥೆ ಮುಂದುವರಿಯಿತು. "ನೇಣಾದ ಮೇಲೂ ಮೇಲ್ಮನವಿ ಗೆದ್ದ ಪ್ರಕರಣ ನನ್ನ ವೃತ್ತಿಯಲ್ಲಿ ಒಂದೂ ಇಲ್ಲ" ಎಂದು ನಿಟ್ಟುಸಿರುಬಿಟ್ಟರು.

ಮಂಡ್ಯದಿಂದ ಬರುವ ಗೌಡರು ಅಲ್ಲಿಯವರೆಗೂ ಕೋಡುಬಳೆ ಮುರಿಯುತ್ತ ಕುಳಿತಿದ್ದರು. "ಇಟಲಿಗೆ ಯಾಕೆ ಹೋಗುತ್ತೀರಿ ಸ್ವಾಮಿ? ನಮ್ಮ ಶ್ರೀರಂಗಪಟ್ಟಣದಲ್ಲಿ ಇರಲಿಲ್ಲವೇ ಆಟಿಕೆ? ಟಿಪ್ಪುವಿನ ಹುಲಿ!"

ಗೌಡರು ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಇರಲಿಲ್ಲ, ಅದೇ ಒಂದು ಆಶ್ಚರ್ಯ. ಹೆಚ್ಚುಕಡಿಮೆ ನಿಜವಾದ ಹುಲಿಯಷ್ಟೇ ದೊಡ್ಡದಾದ ಮರದ ಹುಲಿ. ಅದರ ಅಡಿಯಲ್ಲಿ ಅಂಗಾತ ಬಿದ್ದಿರುವ ಬಿಳಿಯ. ಹಿಡಿಕೆ ತಿರುಗಿಸಿದರೆ ಒಳಗಿನ ತಿದಿ ಗಾಳಿಯೂದಿ ಹುಲಿ ಗುರುಗುಟ್ಟುತ್ತದೆ, ಬಿಳಿಯ ನರಳುತ್ತ ಕೈಯನ್ನು ಬಾಯಿಯ ಬಳಿಗೆ ಎತ್ತುತ್ತಾನೆ. ಸಾಲದೆಂದು ಹುಲಿಯ ಪಕ್ಕೆಯ ಬಾಗಿಲು ತೆಗೆದರೆ ಆರ್ಗನ್ ವಾದ್ಯದ ಮಣೆ. 1799ರಲ್ಲಿ ಕೋಟೆ ಬಿದ್ದ ಮೇಲೆ ಇಂಗ್ಲಿಷರು ಅದನ್ನು ಲಂಡನ್ನಿಗೆ ಸಾಗಿಸಿ ಈಸ್ಟ್ ಇಂಡಿಯಾ ಕಂಪನಿಯ ಕಟ್ಟಡದಲ್ಲಿ ಇಟ್ಟರು. ನೋಡಲು ಬಂದವರೆಲ್ಲ ಹಿಡಿಕೆ ತಿರುಗಿಸಿದ್ದೇ ತಿರುಗಿಸಿದ್ದು, ಅಲ್ಲಿನ ಗ್ರಂಥಾಲಯದಲ್ಲಿ ಓದುವವರಿಗೆ ಬದುಕು ಸಾಕಾಗಿಹೋಯಿತಂತೆ. ಈಗ ಅದು ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ.

"ತನ್ನನ್ನು ತಿನ್ನುವ ಆಟಿಕೆಯನ್ನು ತಾನೇ ಹೊತ್ತುಕೊಂಡು ಹೋಗಿ ತಾನೇ ಹಿಡಿಕೆ ತಿರುಗಿಸಿದ. ಇದಕ್ಕಿಂತ ಕಥೆ ಬೇಕೇ?" ಎಂದು ಗೌಡರು ಎರಡನೆಯ ಕೋಡುಬಳೆ ಮುರಿದರು.

ಮೇಷ್ಟರು ಬರೆದುಕೊಂಡರು. ಆದರೆ ಹಿಡಿಕೆ ತಿರುಗಿಸಿದರೆ ಮಾತ್ರ ಗುರುಗುಟ್ಟುವ ಹುಲಿಗೆ ಯಾವ ಮಗುವೂ ಹೆದರುವುದಿಲ್ಲ, ತಿರುಗಿಸದಿದ್ದರೂ ಗುರುಗುಟ್ಟಬೇಕು ಎಂಬುದು ಅವರ ಆಕ್ಷೇಪ. ನನಗೆ ಅಷ್ಟು ಖಾತರಿಯಿಲ್ಲ. ಎಡಿಸನ್ 1890ರಲ್ಲಿ ಹೊಟ್ಟೆಯೊಳಗೆ ಪುಟ್ಟ ಫೋನೋಗ್ರಾಫ್ ಇಟ್ಟ ಗೊಂಬೆಗಳನ್ನು ಮಾರಿದ. ಅವೂ ಹಿಡಿಕೆ ತಿರುಗಿಸಿದರೆ ಮಾತ್ರ ಶಿಶುಗೀತೆ ಹೇಳುತ್ತಿದ್ದವು. ಆದರೆ ಆ ಧ್ವನಿ ಎಷ್ಟು ಕರ್ಕಶವಾಗಿತ್ತೆಂದರೆ ಕೆಲವೇ ವಾರಗಳಲ್ಲಿ ಮಾರಾಟ ನಿಲ್ಲಿಸಬೇಕಾಯಿತು. ಹಳೆಯ ಮುದ್ರಿಕೆಗಳು ಈಗ ಕೇಳಲು ಸಿಗುತ್ತವೆ. ನಾನು ಕೇಳಿದ್ದೇನೆ, ಹಗಲು ಹೊತ್ತಿನಲ್ಲಿ, ಕಿಟಕಿ ತೆರೆದಿಟ್ಟುಕೊಂಡು.

"ಹಾಗಾದರೆ ಚನ್ನಪಟ್ಟಣದ ಗೊಂಬೆ?" ಎಂದು ಯಾರೋ ಕೇಳಿದರು. ಆ ಪ್ರಸ್ತಾಪ ನಿಲ್ಲಲೇ ಇಲ್ಲ. ಉರುಟು ತಲೆ, ಎರಡು ಚುಕ್ಕಿ ಕಣ್ಣು, ಮೈಗೆಲ್ಲ ಅರಗಿನ ಬಣ್ಣ. ಅದು ಕೊಲೆ ಮಾಡಿದರೂ ನ್ಯಾಯಾಧೀಶರು ಮುದ್ದಿಸಿ ಬಿಟ್ಟುಬಿಡುತ್ತಾರೆ ಎಂದರು ವಕೀಲರು. ಇದಕ್ಕೆ ಕಾರಣವನ್ನು ಜಪಾನಿನ ಮಸಾಹಿರೊ ಮೋರಿ ಎಂಬ ರೋಬಾಟ್ ವಿಜ್ಞಾನಿ 1970ರಲ್ಲೇ ಹೇಳಿದ್ದಾನೆ: ಗೊಂಬೆ ಮನುಷ್ಯನನ್ನು ಹೋಲುತ್ತ ಹೋದಂತೆ ನಮಗೆ ಅಕ್ಕರೆ ಹೆಚ್ಚುತ್ತದೆ, ಆದರೆ ಇನ್ನೇನು ಮನುಷ್ಯನೇ ಎನ್ನುವಷ್ಟು ಹತ್ತಿರ ಬಂದಾಗ ಆ ಅಕ್ಕರೆ ಪ್ರಪಾತಕ್ಕೆ ಬೀಳುತ್ತದೆ.

"ಅದಕ್ಕೆ ಜಪಾನಿನವನು ಬೇಕಿತ್ತೇ?" ಎಂದರು ಸಾವಿತ್ರಮ್ಮ. ಅವರ ಮನೆಯ ಶೋಕೇಸಿನಲ್ಲಿ ಭಾವನವರು ಮುಂಬಯಿಯಿಂದ ತಂದ, ಹೊಂಬಣ್ಣದ ಕೂದಲಿನ ಗೊಂಬೆಯೊಂದು ಇತ್ತಂತೆ. ಮಲಗಿಸಿದರೆ ಕಣ್ಣು ಮುಚ್ಚುವ ಜಾತಿಯದು. ಕಣ್ಣಿನ ಹಿಂದೆ ಪುಟ್ಟ ತೂಕ ಇರುತ್ತದೆ ನೋಡಿ, ಅದರಿಂದ. ಕೊಳೆಯಾಗುತ್ತದೆಂದು ಪ್ಲಾಸ್ಟಿಕ್ ಚೀಲವನ್ನೂ ಬಿಚ್ಚಲಿಲ್ಲ, ಮಕ್ಕಳ ಕೈಗೂ ಕೊಡಲಿಲ್ಲ. ವರ್ಷಗಳು ಕಳೆದು ಒಂದು ರೆಪ್ಪೆ ಸಿಕ್ಕಿಕೊಂಡಿತು. ಆಮೇಲೆ ಆ ಗೊಂಬೆ ಬಂದ ನೆಂಟರಿಗೆಲ್ಲ ಕಣ್ಣು ಹೊಡೆಯಲು ಶುರುಮಾಡಿತು. ಹೆಣ್ಣು ನೋಡಲು ಬಂದ ಒಂದು ಕುಟುಂಬ ಎದ್ದು ಹೋದದ್ದು ಜಾತಕದ ಕಾರಣಕ್ಕಲ್ಲ ಎಂದು ಅವರು ಇಂದಿಗೂ ನಂಬಿದ್ದಾರೆ.

ಅಷ್ಟರಲ್ಲಿ ಅಟ್ಟದಿಂದ ಇಳಿಸಿದ್ದ ದಸರಾ ಬೊಂಬೆಗಳ ಟ್ರಂಕಿನ ಮೇಲೆ ಮೇಷ್ಟರ ಕಣ್ಣು ಬಿತ್ತು. ನನಗೂ ಅದೇ ಹೊಳೆದಿತ್ತು. ರಾಜ ರಾಣಿಯರನ್ನು ನವರಾತ್ರಿಯಲ್ಲಿ ಮೆಟ್ಟಿಲ ತುದಿಯಲ್ಲಿ ಕೂರಿಸಿ ಆರತಿ ಎತ್ತುತ್ತೇವೆ. ವಿಜಯದಶಮಿಯ ರಾತ್ರಿ ಮಲಗಿಸುತ್ತೇವೆ. ಆಮೇಲೆ ಹಳೆಯ ಪತ್ರಿಕೆಯಲ್ಲಿ ಮುಖ ಸುತ್ತಿ, ಕತ್ತಲೆಯಲ್ಲಿ ತುಂಬಿ, ಬೀಗ ಜಡಿಯುತ್ತೇವೆ. ಇಷ್ಟೆಲ್ಲ ಮಾಡಿಯೂ ಅವು ನಮ್ಮ ಮೇಲೆ ಸೇಡು ತೀರಿಸಿಕೊಂಡಿಲ್ಲವೆಂದರೆ ಅದು ಅವುಗಳ ರಾಜಮರ್ಯಾದೆ.

"ರಾತ್ರಿಗೊಂದು ಮೆಟ್ಟಿಲು ರಾಣಿ ಕೆಳಗಿಳಿಯುತ್ತಾಳೆ" ಎಂದು ಮೇಷ್ಟರು ಧ್ವನಿ ತಗ್ಗಿಸಿದರು. "ಒಂಬತ್ತು ಮೆಟ್ಟಿಲು. ಒಂಬತ್ತು ರಾತ್ರಿ."

"ತವರಿನವರು ಕೊಟ್ಟ ಪಟ್ಟದ ಬೊಂಬೆ ಅದು, ದೆವ್ವಗಿವ್ವ ಅನ್ನಬೇಡಿ" ಎಂದರು ಸಾವಿತ್ರಮ್ಮ. "ಇಳಿಯುವುದಾದರೆ ಇಳಿಯಲಿ. ಇಳಿಯುವಾಗ ಮೆಟ್ಟಿಲ ಧೂಳು ಒರೆಸಿಕೊಂಡು ಬರಲಿ."

ನಾಲ್ಕನೆಯ ತರಗತಿಯ ಅವರ ಮೊಮ್ಮಗ ಬಾಗಿಲ ಹಿಂದಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ. "ಅವಳಿಗೆ ಏನು ಬೇಕಂತೆ?" ಎಂದು ಕೇಳಿದ. ನಾವು ಮುಖ ಮುಖ ನೋಡಿಕೊಂಡೆವು. ರಕ್ತ, ಹುಲಿ, ಫೋನೋಗ್ರಾಫ್ ಎಲ್ಲ ಆಗಿತ್ತು, ಗೊಂಬೆಗೆ ಏನು ಬೇಕೆಂದು ಮಾತ್ರ ಯಾರೂ ವಿಚಾರಿಸಿರಲಿಲ್ಲ.

"ನೀನೇ ಹೇಳಪ್ಪ" ಎಂದರು ಮೇಷ್ಟರು.

"ಒಂಬತ್ತನೆಯ ರಾತ್ರಿ ಅವಳು ಹುಡುಗನ ಹಾಸಿಗೆಗೆ ಬಂದು ಕಿವಿಯಲ್ಲಿ ಹೇಳುತ್ತಾಳೆ, ಈ ವರ್ಷ ಟ್ರಂಕಿನಲ್ಲಿ ನೀನು ಇರು, ಶಾಲೆಗೆ ನಾನು ಹೋಗುತ್ತೇನೆ. ಹುಡುಗನಿಗೆ ಖುಷಿ. ಬೆಳಿಗ್ಗೆ ಅವನೇ ಟ್ರಂಕಿನೊಳಗೆ ಹೋಗಿ ಮಲಗುತ್ತಾನೆ. ರಜೆ ಮುಗಿದು ಪರೀಕ್ಷೆ ಬರುತ್ತದೆ. ಅವನ ವೇಷದಲ್ಲಿ ಹೋದ ಗೊಂಬೆಗೆ ಎಲ್ಲದರಲ್ಲೂ ನೂರಕ್ಕೆ ನೂರು."

"ಅವನ ಅಮ್ಮನಿಗೆ ಗೊತ್ತಾಗುವುದಿಲ್ಲವೇ?" ಎಂದರು ಸಾವಿತ್ರಮ್ಮ.

"ಗೊತ್ತಾಗುತ್ತದೆ ಅಜ್ಜಿ. ಆದರೂ ಟ್ರಂಕು ತೆಗೆಯುವುದಿಲ್ಲ."

ವಕೀಲರು ಲೋಟ ಕೆಳಗಿಟ್ಟರು. ಮೇಷ್ಟರು ಪೆನ್ನಿಗೆ ಮುಚ್ಚಳ ಹಾಕಿ, ಇದನ್ನು ಮಕ್ಕಳು ಓದಬಹುದು, ಆದರೆ ಹೆತ್ತವರ ಕೈಗೆ ಸಿಗಬಾರದು ಎಂದರು.

ಗೌಡರ ಮೊಮ್ಮಗ ಈ ವರ್ಷ ಹತ್ತನೆಯ ತರಗತಿ. ಅವರು ಹುಡುಗನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದರು: "ಗಣಿತದಲ್ಲೂ ನೂರಕ್ಕೆ ನೂರೇ?"