ಅಪ್‌ಡೇಟ್: ಸ್ಪೋರ್ಟಿ ಕೂಪೆ ಬರೀ ಶೋಕಿನಾ?

ಈಗಿನ ಸ್ಪೋರ್ಟಿ ಕೂಪೆಗಳಲ್ಲಿ (ಹಿಂದಕ್ಕೆ ಇಳಿಜಾರಾದ ಛಾವಣಿಯ ಕಾರುಗಳಲ್ಲಿ) ಅಂದ ಬಿಟ್ಟರೆ ಓಟವೂ ಇದೆಯಾ ಅಂತ ಕೇಳಿದ್ದೆ. ಬ್ಯಾಡ್ಜ್ ಬಿಡಿ, ಯಾವ ಚಕ್ರ ಓಡಿಸುತ್ತದೆ ನೋಡಿ ಅಂದವರಿಗೆ ಥ್ಯಾಂಕ್ಸ್. ಮುಂದಿನ ಚಕ್ರ ಎಳೆಯುವುದು, ಹಿಂದಿನ ಚಕ್ರ ತಳ್ಳುವುದು, ಎರಡು ಬಗೆಯ ಕಾರನ್ನೂ ಓಡಿಸಿ ನೋಡಿದೆ.

ಬಿಎಂಡಬ್ಲ್ಯು 2 ಸೀರೀಸ್ ಹೆಸರಲ್ಲೇ ಎರಡು ಜಾತಿ ಇವೆ. 2020ರಲ್ಲಿ ಇಲ್ಲಿಗೆ ಬಂದ ಗ್ರಾನ್ ಕೂಪೆಯಲ್ಲಿ ಎಂಜಿನ್ ಅಡ್ಡಡ್ಡ ಕೂತಿದೆ, ಎಳೆಯುವುದು ಮುಂದಿನ ಚಕ್ರ. ನಾಲ್ಕು ಬಾಗಿಲು, ಕಿಟಕಿಗೆ ಫ್ರೇಮ್ ಇಲ್ಲ. ಹ್ಯಾಂಡಲ್ ಎಳೆದರೆ ಗಾಜು ಚೂರು ಕೆಳಗಿಳಿದು ಆಮೇಲೆ ಬಾಗಿಲು ತೆರೆಯುತ್ತದೆ. ಅದಕ್ಕೇ ಮನಸೋಲಬೇಕು! ಹಿಂದೆ ಕೂತ ನಮ್ಮಣ್ಣನ ತಲೆ ಮಾತ್ರ ಮೇಲೆ ತಾಗುತ್ತಿತ್ತು. ನಂದಿ ಬೆಟ್ಟದ ತಿರುವಲ್ಲಿ ಸ್ವಲ್ಪ ಜೋರು ಮಾಡಿದರೆ ಕಾರಿನ ಮೂತಿ ತಿರುವಿನಿಂದ ಹೊರಕ್ಕೆ ಎಳೆಯುತ್ತದೆ.

ಎರಡನೇ ಜಾತಿ, ಪರಿಚಯದವರ ಬಿಎಂಡಬ್ಲ್ಯು ಎಂ2, ಬೇರೆಯೇ ಕತೆ. ಎರಡೇ ಬಾಗಿಲು, ಉದ್ದಕ್ಕೆ ಕೂತ 3 ಲೀಟರ್ ಆರು ಸಿಲಿಂಡರ್, ತಳ್ಳುವುದು ಹಿಂದಿನ ಚಕ್ರ, ಬೇಕಿದ್ದರೆ ಮ್ಯಾನ್ಯುಯಲ್ ಗೇರ್. ತೂಕ 1,700 ಕೆಜಿ ದಾಟುತ್ತದೆ, ಅದೊಂದು ಕೊರಗು. ಹೀಗೇ ಹಿಂದಿನ ಚಕ್ರ ತಳ್ಳುವ ಕೂಪೆ ಟೊಯೊಟಾ ಜಿಆರ್86 ಸುಮಾರು 1,300 ಕೆಜಿ ಅಷ್ಟೇ, ಆದರೆ ಅದು ನಮ್ಮಲ್ಲಿ ಮಾರಾಟಕ್ಕೇ ಇಲ್ಲ.

ಎಂ2ಗೆ ಕೋಟಿಯ ಲೆಕ್ಕ, ನನ್ನದು ಟ್ರಾಫಿಕ್ ತುಂಬಿದ ಸಿಲ್ಕ್ ಬೋರ್ಡ್ ದಾರಿ. ಸದ್ಯಕ್ಕೆ ಸೆಕೆಂಡ್ ಹ್ಯಾಂಡ್ ಗ್ರಾನ್ ಕೂಪೆ ಹುಡುಕುತ್ತಿದ್ದೇನೆ. ಡೀಸೆಲ್ ಇದ್ದರೆ ತಿಳಿಸಿ.